ಲಕ್ಷ ಕಾಂತಿರೇಖೆಗಳು, ಎರಡು ಕಣ್ಣುಗಳು

ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ನಾಸಾ ಸಂಸ್ಥೆ 2018ರ ಏಪ್ರಿಲ್‌ನಲ್ಲಿ ಟೆಸ್ ಎಂಬ ಬಾಹ್ಯಾಕಾಶ ದೂರದರ್ಶಕವನ್ನು ಉಡಾಯಿಸಿತು. ಅದು ಆಕಾಶವನ್ನು ಸೆಕ್ಟರ್ ಎಂಬ ಪಟ್ಟಿಗಳಾಗಿ ವಿಂಗಡಿಸಿಕೊಂಡು ಒಂದೊಂದನ್ನೂ ಸುಮಾರು 27 ದಿನ ಎಡೆಬಿಡದೆ ನೋಡುತ್ತದೆ. ಪ್ರತಿ ಸೆಕ್ಟರ್‌ನಲ್ಲೂ 20,000ದ ಆಸುಪಾಸಿನಷ್ಟು ಆಯ್ದ ನಕ್ಷತ್ರಗಳ ಕಾಂತಿಯನ್ನು ಎರಡೆರಡು ನಿಮಿಷಕ್ಕೊಮ್ಮೆ ಅಳೆಯುತ್ತದೆ. ಒಂದು ನಕ್ಷತ್ರದ ಅಳತೆಗಳನ್ನೆಲ್ಲ ಕಾಲಕ್ಕೆ ಎದುರಾಗಿ ಗುರುತಿಸಿದರೆ ಒಂದು ರೇಖಾಚಿತ್ರ ಸಿಗುತ್ತದೆ. ಅಂಥ ಒಂದು ಚಿತ್ರವನ್ನು ತೆರೆದು, ನೋಡಿ, ಮುಚ್ಚಲು ಒಂದು ನಿಮಿಷ ಸಾಕೆಂದುಕೊಳ್ಳಿ. 20,000 ಚಿತ್ರಗಳಿಗೆ 333 ಗಂಟೆ ಬೇಕು. ದಿನಕ್ಕೆ ಆರು ಗಂಟೆ ಕುಳಿತರೆ 55 ದಿನ. ಅಷ್ಟರಲ್ಲಿ ಇನ್ನೆರಡು ಸೆಕ್ಟರ್‌ಗಳ ದತ್ತಾಂಶ ಬಂದು ರಾಶಿ ಬಿದ್ದಿರುತ್ತದೆ. ಅಂದರೆ ಈ ವೇಗದಲ್ಲಿ ನಾವು ದೂರದರ್ಶಕವನ್ನು ಎಂದಿಗೂ ಹಿಡಿಯಲಾರೆವು.

ಅದೇ ಚಿತ್ರವನ್ನು ಐದು ಸೆಕೆಂಡುಗಳಲ್ಲಿ ನೋಡಿ ಮುಗಿಸುವಂತಾದರೆ? ಒಟ್ಟು 28 ಗಂಟೆ; ದಿನಕ್ಕೆ ಆರು ಗಂಟೆಯಂತೆ ಐದು ದಿನಕ್ಕೂ ಕಡಿಮೆ. ಕೆಲಸ ಕೈಗೆಟುಕುವಂತಾಯಿತು. ಒಂದು ನಿಮಿಷವನ್ನು ಐದು ಸೆಕೆಂಡಿಗೆ ಇಳಿಸುವ ತಂತ್ರಾಂಶಗಳು ಇಂದು ಇವೆ. ಅವು ಏನು ಮಾಡುತ್ತವೆ, ಹೇಗೆ ಮಾಡುತ್ತವೆ, ಗಣಕಯಂತ್ರವೇ ಎಲ್ಲವನ್ನೂ ಹುಡುಕಬಲ್ಲ ಈ ಕಾಲದಲ್ಲಿ ಮನುಷ್ಯ ಏಕೆ ಕಣ್ಣು ನೋಯಿಸಿಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಾಂತಿರೇಖೆ ಎಂದರೇನು?

ಕೆಲವು ನಕ್ಷತ್ರಗಳ ಹೊಳಪು ಸ್ಥಿರವಲ್ಲ. ಪುಸ್ತಕಗಳಲ್ಲಿ ವೇರಿಯಬಲ್ ಸ್ಟಾರ್ ಎಂದು ಕರೆಸಿಕೊಳ್ಳುವ ಇವನ್ನು ಚರಕಾಂತಿ ನಕ್ಷತ್ರಗಳು ಎನ್ನೋಣ. ಕಾಲದೊಂದಿಗೆ ಹೊಳಪು ಹೇಗೆ ಬದಲಾಯಿತೆಂದು ತೋರಿಸುವ ರೇಖಾಚಿತ್ರವೇ ಕಾಂತಿರೇಖೆ, ಅರ್ಥಾತ್ ಲೈಟ್ ಕರ್ವ್. ಅಡ್ಡ ಅಕ್ಷದಲ್ಲಿ ಕಾಲ, ನೇರ ಅಕ್ಷದಲ್ಲಿ ಕಾಂತಿ. ವೈದ್ಯರಿಗೆ ಇಸಿಜಿ ಹೇಗೋ ಖಗೋಳಜ್ಞರಿಗೆ ಇದು ಹಾಗೆ.

ಪಾರ್ಥ ಪುಂಜದ ಅಲ್ಗಾಲ್ ನಕ್ಷತ್ರವನ್ನು ಗಮನಿಸಿ. ಬರಿಗಣ್ಣಿಗೇ ಕಾಣುವ ಈ ನಕ್ಷತ್ರ ಸಾಮಾನ್ಯವಾಗಿ 2.1 ಕಾಂತಿಮಾನದಲ್ಲಿರುತ್ತದೆ. 2.867 ದಿನಗಳಿಗೊಮ್ಮೆ ಕೆಲವೇ ಗಂಟೆಗಳಲ್ಲಿ 3.4ಕ್ಕೆ ಇಳಿದು ಮತ್ತೆ ಏರುತ್ತದೆ. ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ ಎಂಬುದು ನೆನಪಿರಲಿ. ಐದು ಕಾಂತಿಮಾನದ ಅಂತರವೆಂದರೆ ಹೊಳಪಿನಲ್ಲಿ ಸರಿಯಾಗಿ 100 ಪಟ್ಟು ವ್ಯತ್ಯಾಸ ಎಂಬ ಅಳತೆಯನ್ನು 1856ರಲ್ಲಿ ಸೂಚಿಸಿದವರು ನಾರ್ಮನ್ ಪಾಗ್ಸನ್. ಆ ಲೆಕ್ಕದಂತೆ 1.3 ಕಾಂತಿಮಾನದ ಇಳಿಕೆ ಎಂದರೆ ಹೊಳಪು ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬಂದಂತೆ. ಇಂಗ್ಲೆಂಡಿನ ಯುವಕ ಜಾನ್ ಗುಡ್‌ರಿಕ್ 1782–83ರಲ್ಲಿ ಈ ಕ್ರಮಬದ್ಧತೆಯನ್ನು ಗುರುತಿಸಿ, ಕಾಣದ ಸಂಗಾತಿಯೊಂದು ಅಲ್ಗಾಲ್‌ಗೆ ಅಡ್ಡ ಬರುತ್ತಿರಬಹುದು ಎಂದು ಊಹಿಸಿದ. ಆ ಊಹೆ ಸರಿಯೆಂದು ಮುಂದೆ ತಿಳಿಯಿತು. ಇಂಥ ಜೋಡಿಗಳೇ ಗ್ರಹಣ ಯಮಳಗಳು.

ಪಾಗ್ಸನ್ 1861ರಲ್ಲಿ ಮದರಾಸು ವೀಕ್ಷಣಾಲಯಕ್ಕೆ ಬಂದರು. ಅಲ್ಲಿ ಕೆಲಸ ಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಕಾಂತಿ ಬದಲಾಗುವುದನ್ನು ಕಂಡುಹಿಡಿದರು. ಆ ಕಾಲದಲ್ಲಿ ಕಣ್ಣು ನೇರವಾಗಿ ದೂರದರ್ಶಕದ ನೇತ್ರಮಸೂರದ ಹಿಂದೆ ಇತ್ತು. ಛಾಯಾಫಲಕಗಳು ಬಂದ ಮೇಲೆ ಕಣ್ಣು ಫಲಕದ ಮೇಲೆ ಬಂತು. ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೆವಿಟ್ ಒಂದು ದಿನದ ನೆಗೆಟಿವ್ ಫಲಕದ ಮೇಲೆ ಇನ್ನೊಂದು ದಿನದ ಪಾಸಿಟಿವ್ ಪ್ರತಿಯನ್ನು ಇರಿಸಿ ನೋಡುತ್ತಿದ್ದರು. ಬದಲಾಗದ ನಕ್ಷತ್ರಗಳು ಒಂದರಿಂದೊಂದು ಅಳಿಸಿಹೋಗುತ್ತಿದ್ದವು. ಬದಲಾದದ್ದು ಮಾತ್ರ ಎದ್ದು ಕಾಣುತ್ತಿತ್ತು. ಹೀಗೆ ಅವರು ಮೆಗೆಲನ್ ಮೋಡಗಳಲ್ಲಿ ಗುರುತಿಸಿದ 1,777 ಚರಕಾಂತಿ ನಕ್ಷತ್ರಗಳ ಪಟ್ಟಿ 1908ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 25 ಸೆಫೀಡ್‌ಗಳ ಆವರ್ತಕಾಲಕ್ಕೂ ಕಾಂತಿಗೂ ಇರುವ ಸಂಬಂಧ 1912ರಲ್ಲಿ ಹೊರಬಂತು. ವಿಶ್ವದ ದೂರಗಳನ್ನು ಅಳೆಯುವ ಕೋಲು ನಮಗೆ ದೊರೆತದ್ದು ಹಾಗೆ.

ಲೆವಿಟ್ ಅವರ ಆ ಎರಡು ಗಾಜಿನ ಫಲಕಗಳ ಜೋಡಣೆಯಲ್ಲಿ ಇಂದಿನ ತಂತ್ರಾಂಶದ ತತ್ತ್ವವೇ ಅಡಗಿದೆ: ಬೇಡವಾದದ್ದನ್ನು ಯಂತ್ರ ಅಳಿಸಲಿ, ಉಳಿದದ್ದನ್ನು ಕಣ್ಣು ನೋಡಲಿ.

ಐದು ಸೆಕೆಂಡಿನ ಹಿಂದಿನ ಸಿದ್ಧತೆ

ಕಾಂತಿರೇಖೆಗಳನ್ನು ನೋಡಲು ಹಲವು ತಂತ್ರಾಂಶಗಳಿವೆ. ಅಮೆರಿಕದ ಚರಕಾಂತಿ ನಕ್ಷತ್ರ ವೀಕ್ಷಕರ ಸಂಘ 1911ರಲ್ಲಿ ಸ್ಥಾಪನೆಯಾದದ್ದು; ಅದು ವಿ-ಸ್ಟಾರ್ ಎಂಬ ತಂತ್ರಾಂಶವನ್ನು ಉಚಿತವಾಗಿ ನೀಡುತ್ತದೆ. ಒಂದು ನಕ್ಷತ್ರವನ್ನು ಆಳವಾಗಿ ಅಭ್ಯಸಿಸಲು ಅದು ಒಳ್ಳೆಯದು. ಪೈಥಾನ್ ಬಲ್ಲವರಿಗೆ ಲೈಟ್‌ಕರ್ವ್ ಎಂಬ ಹೆಸರಿನ ಪ್ಯಾಕೇಜ್ ಇದೆ. ಸಾವಿರಗಟ್ಟಲೆ ರೇಖೆಗಳನ್ನು ಒಂದರ ಹಿಂದೊಂದರಂತೆ ನೋಡಲೆಂದೇ ರೂಪಿಸಿರುವುದು ಎಲ್‌ಸಿ ಟೂಲ್ಸ್. ಇದರಲ್ಲಿ ರೇಖೆಗಳ ಕಡತಗಳನ್ನು ಸಿದ್ಧಪಡಿಸುವ ಒಂದು ಭಾಗ, ಅವುಗಳಲ್ಲಿ ಕ್ರಮಬದ್ಧ ಕುಸಿತಗಳನ್ನು ತಾನೇ ಹುಡುಕುವ ಇನ್ನೊಂದು ಭಾಗ, ಪರದೆಯ ಮೇಲೆ ತೋರಿಸುವ ಮತ್ತೊಂದು ಭಾಗ ಇವೆ. ಹೆಸರು ಯಾವುದೇ ಇರಲಿ, ಇಂಥ ತಂತ್ರಾಂಶ ಮಾಡುವ ಮುಖ್ಯ ಕೆಲಸಗಳು ನಾಲ್ಕು.

ಮೊದಲನೆಯದು, ಸರತಿ. ನೂರಾರು ಕಡತಗಳನ್ನು ಒಂದು ಗುಂಪಾಗಿ ತೆರೆದುಕೊಂಡು, ಒಂದು ಕೀಲಿ ಒತ್ತಿದರೆ ಮುಂದಿನ ರೇಖೆ ತಕ್ಷಣ ಕಾಣುವಂತೆ ಮಾಡುವುದು. ಕೇಳಲು ಇದು ಸಣ್ಣ ಸಂಗತಿ. ಆದರೆ ಕಡತ ಹುಡುಕಿ, ತೆರೆದು, ಅಕ್ಷಗಳನ್ನು ಹೊಂದಿಸುವುದರಲ್ಲೇ ಆ ಒಂದು ನಿಮಿಷದ ಬಹುಪಾಲು ವ್ಯರ್ಥವಾಗುತ್ತಿತ್ತು. ಜೊತೆಗೆ ನಕ್ಷತ್ರದ ತಾಪ, ತ್ರಿಜ್ಯ, ಕಾಂತಿಮಾನಗಳನ್ನು ಅದೇ ಪರದೆಯಲ್ಲಿ ಕೊಟ್ಟರೆ ಬೇರೆಡೆ ಹುಡುಕುವ ಕೆಲಸವೂ ತಪ್ಪುತ್ತದೆ.

ಎರಡನೆಯದು, ಸಮಮಟ್ಟ. ಹೊಳೆಯುವ ನಕ್ಷತ್ರದಿಂದ ಹೆಚ್ಚು ಬೆಳಕು, ಮಂಕಾದದ್ದರಿಂದ ಕಡಿಮೆ. ಪ್ರತಿ ಅಳತೆಯನ್ನೂ ಆ ನಕ್ಷತ್ರದ ಮಧ್ಯಾಂಕದಿಂದ ಭಾಗಿಸಿದರೆ ಎಲ್ಲ ರೇಖೆಗಳೂ 1ರ ಸುತ್ತ ಬಂದು ನಿಲ್ಲುತ್ತವೆ. ಆಗ 0.99 ಎಂದರೆ ಶೇಕಡ 1ರ ಕುಸಿತ ಎಂದು ಯಾವ ನಕ್ಷತ್ರಕ್ಕಾದರೂ ಓದಬಹುದು. ಇಲ್ಲೊಂದು ಎಚ್ಚರಿಕೆ: ರೇಖೆ ಪರದೆಯ ತುಂಬ ಕಾಣುವಂತೆ ತಂತ್ರಾಂಶ ತಾನೇ ಹಿಗ್ಗಿಸಿದಾಗ, ಮಂಕು ನಕ್ಷತ್ರದ ಬರಿಯ ಗದ್ದಲವೂ ದೊಡ್ಡ ಏರಿಳಿತದಂತೆ ಕಾಣುತ್ತದೆ. ಆದ್ದರಿಂದ ಆಕಾರ ನೋಡುವ ಮೊದಲು ನೇರ ಅಕ್ಷದ ಅಂಕಿಗಳನ್ನು ನೋಡುವುದು ರೂಢಿಯಾಗಬೇಕು.

ಮೂರನೆಯದು, ಒಟ್ಟುಗೂಡಿಸುವಿಕೆ. 27 ದಿನಗಳಲ್ಲಿ ಎರಡು ನಿಮಿಷಕ್ಕೊಂದರಂತೆ 19,000ಕ್ಕೂ ಹೆಚ್ಚು ಬಿಂದುಗಳು ಸೇರುತ್ತವೆ. ಸಾಧಾರಣ ಪರದೆಯ ಅಗಲವಾದರೋ ಎರಡು ಸಾವಿರ ಪಿಕ್ಸೆಲ್‌ಗೂ ಕಡಿಮೆ. ಒಂದು ಪಿಕ್ಸೆಲ್‌ನ ಜಾಗದಲ್ಲಿ ಹತ್ತು ಬಿಂದುಗಳು ಮುಗಿಬೀಳುತ್ತವೆ. 15 ಬಿಂದುಗಳ ಸರಾಸರಿ ತೆಗೆದು ಅರ್ಧ ಗಂಟೆಗೆ ಒಂದು ಬಿಂದು ಮಾಡಿದರೆ ರೇಖೆ ಸ್ಪಷ್ಟವಾಗುವುದಷ್ಟೇ ಅಲ್ಲ, ಯಾದೃಚ್ಛಿಕ ಗದ್ದಲವೂ 15ರ ವರ್ಗಮೂಲದಷ್ಟು, ಅಂದರೆ ಸುಮಾರು 3.9 ಪಟ್ಟು ತಗ್ಗುತ್ತದೆ. ಆದರೆ ನಾಲ್ಕಾರು ನಿಮಿಷ ಮಾತ್ರ ಇರುವ ಜ್ವಾಲೆಯೂ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಪಡೆದುದಕ್ಕೆ ತೆತ್ತ ಬೆಲೆ ಅದು.

ನಾಲ್ಕನೆಯದು, ನಿಧಾನದ ಏರಿಳಿತವನ್ನು ತೆಗೆಯುವುದು. ನಕ್ಷತ್ರದ ಮೇಲಿನ ಕಲೆಗಳಿಂದಲೋ ಉಪಕರಣದ ಕಾರಣದಿಂದಲೋ ರೇಖೆ ನಿಧಾನವಾಗಿ ಬಾಗುತ್ತಿರುತ್ತದೆ. ಒಂದು ಕಿಟಕಿಯಷ್ಟು ಕಾಲಾವಧಿಯ ಮಧ್ಯಾಂಕವನ್ನು ರೇಖೆಯುದ್ದಕ್ಕೂ ಸರಿಸುತ್ತ ಹೋಗಿ, ಅದರಿಂದ ಮೂಲ ರೇಖೆಯನ್ನು ಭಾಗಿಸಿದರೆ ಬಾಗು ನೇರವಾಗುತ್ತದೆ. ಚಿಕ್ಕ ಕುಸಿತಗಳು ಮಾತ್ರ ಉಳಿಯುತ್ತವೆ. ಕಿಟಕಿಯ ಅಗಲ ಕುಸಿತದ ಅವಧಿಗಿಂತ ಸಾಕಷ್ಟು ದೊಡ್ಡದಿರಬೇಕು, ಮೂರು ಪಟ್ಟಾದರೂ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕುಸಿತವನ್ನೇ ಬಾಗು ಎಂದು ಭಾವಿಸಿ ತಂತ್ರಾಂಶ ಅದನ್ನು ಅಳಿಸಿಬಿಡುತ್ತದೆ. ಗ್ರಹಗಳನ್ನು ಹುಡುಕುವವರಿಗೆ ಈ ಬಾಗು ಕಸ. ಚರಕಾಂತಿ ನಕ್ಷತ್ರಗಳನ್ನು ಅಭ್ಯಸಿಸುವವರಿಗೆ ಅದೇ ಬೆಳೆ. ಹಾಗಾಗಿ ಮೂಲ ರೇಖೆಯನ್ನೂ ನೇರಗೊಳಿಸಿದ ರೇಖೆಯನ್ನೂ ಒಂದರ ಪಕ್ಕ ಇನ್ನೊಂದನ್ನಿಟ್ಟು ನೋಡದೆ ತೀರ್ಮಾನಕ್ಕೆ ಬರಬಾರದು.

ಮಡಚಿ ನೋಡುವ ಉಪಾಯ

ಯಾವುದಾದರೊಂದು ರೇಖೆ ಗಮನ ಸೆಳೆಯಿತೆನ್ನೋಣ. ಮುಂದಿನ ಹೆಜ್ಜೆ ಅದರ ಆವರ್ತಕಾಲವನ್ನು ಕಂಡುಹಿಡಿದು ರೇಖೆಯನ್ನು ಮಡಚುವುದು. ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದ 1990ರ ದಶಕದಲ್ಲಿ ಪಾರದರ್ಶಕ ಹಾಳೆಗಳ ಮೇಲೆ ರೇಖೆ ಎಳೆದು, ಹಾಳೆಗಳನ್ನು ಒಂದರ ಮೇಲೊಂದಿಟ್ಟು ಜರುಗಿಸಿ ಆವರ್ತಕಾಲ ಅಂದಾಜು ಮಾಡಿದ್ದುಂಟು. ಒಂದು ನಕ್ಷತ್ರಕ್ಕೆ ಒಂದು ಮಧ್ಯಾಹ್ನ ಕಳೆಯುತ್ತಿತ್ತು. ಈಗ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಹಿಂದಿರುವ ಗಣಿತ ಮಾತ್ರ ಅದೇ.

ಒಂದು ಆರಂಭ ಕ್ಷಣದಿಂದ ಕಳೆದ ಕಾಲವನ್ನು ಆವರ್ತಕಾಲದಿಂದ ಭಾಗಿಸಿ. ಬಂದ ಸಂಖ್ಯೆಯ ಪೂರ್ಣಾಂಕ ಭಾಗವನ್ನು ಬಿಟ್ಟು ದಶಮಾಂಶ ಭಾಗವನ್ನು ಮಾತ್ರ ಇಟ್ಟುಕೊಳ್ಳಿ. ಅದೇ ಪ್ರಾವಸ್ಥೆ. ಅಲ್ಗಾಲ್‌ನ ಒಂದು ಗ್ರಹಣ ಮಧ್ಯದಿಂದ 10 ದಿನ ಕಳೆದಿದ್ದರೆ, 10 ಭಾಗಿಸು 2.867, ಅಂದರೆ 3.488. ಮೂರು ಸುತ್ತು ಮುಗಿದು ನಾಲ್ಕನೆಯದರಲ್ಲಿ 0.488 ಪ್ರಾವಸ್ಥೆಯಲ್ಲಿದೆ ಎಂದರ್ಥ. ಎಲ್ಲ ಬಿಂದುಗಳನ್ನೂ ಹೀಗೆ 0ಯಿಂದ 1ರ ನಡುವೆ ತಂದರೆ ಹಲವು ಸುತ್ತುಗಳು ಒಂದರ ಮೇಲೊಂದು ಕೂರುತ್ತವೆ. ಆವರ್ತಕಾಲ ಸರಿಯಿದ್ದರೆ ಒಂದೇ ತೆಳು ಗೆರೆ ಮೂಡುತ್ತದೆ. ತಪ್ಪಿದ್ದರೆ ಬಿಂದುಗಳು ಚೆದರುತ್ತವೆ. ಆವರ್ತಕಾಲದಲ್ಲಿ 0.001 ದಿನದ ತಪ್ಪಿದ್ದರೂ 100 ಸುತ್ತುಗಳ ನಂತರ ಅದು 0.1 ದಿನವಾಗಿ ಬೆಳೆದಿರುತ್ತದೆ.

ಆವರ್ತಕಾಲವನ್ನು ಮೊದಲಿಗೆ ಊಹಿಸಲು ಲೋಂಬ್–ಸ್ಕಾರ್ಗಲ್ ವಿಧಾನ ಬಳಕೆಯಲ್ಲಿದೆ. ನಾನಾ ಆವೃತ್ತಿಗಳ ಸೈನ್ ಅಲೆಗಳನ್ನು ದತ್ತಾಂಶಕ್ಕೆ ಹೊಂದಿಸಿ ನೋಡಿ, ಯಾವುದು ಚೆನ್ನಾಗಿ ಕೂರುತ್ತದೆಂದು ಅದು ಹೇಳುತ್ತದೆ. ಅಳತೆಗಳ ನಡುವಿನ ಅಂತರ ಸಮವಾಗಿರಬೇಕಿಲ್ಲ ಎಂಬುದು ಅದರ ಅನುಕೂಲ. ಆದರೆ ಇಲ್ಲಿ ಎರಡು ಬಲೆಗಳಿವೆ.

ಒಂದು, ಅರ್ಧ ಆವರ್ತಕಾಲದ ಬಲೆ. ಒಂದೇ ಬಗೆಯ ಎರಡು ನಕ್ಷತ್ರಗಳು ಪರಸ್ಪರ ಸುತ್ತುತ್ತಿದ್ದರೆ ಒಂದು ಸುತ್ತಿನಲ್ಲಿ ಎರಡು ಗ್ರಹಣಗಳು ಆಗುತ್ತವೆ. ವಿಧಾನ ಎರಡು ಕುಸಿತಗಳ ನಡುವಿನ ಕಾಲವನ್ನೇ ಆವರ್ತಕಾಲ ಎಂದುಬಿಡುತ್ತದೆ. ಆವರ್ತಕಾಲವನ್ನು ಇಮ್ಮಡಿಗೊಳಿಸಿ ಮಡಚಿದಾಗ ಒಂದು ಬಿಟ್ಟು ಒಂದು ಕುಸಿತದ ಆಳ ತುಸು ಬೇರೆಯಾಗಿ ಕಂಡರೆ ಅದು ಯಮಳ. ಗ್ರಹವೊಂದೇ ಅಡ್ಡ ಹೋಗುತ್ತಿದ್ದರೆ ಎಲ್ಲ ಕುಸಿತಗಳೂ ಸಮಾನವಾಗಿರಬೇಕು. ಕಣ್ಣಿಗೆ ಇದು ಒಂದೇ ನೋಟದಲ್ಲಿ ಸಿಗುತ್ತದೆ.

ಎರಡು, ಹುಸಿ ಆವೃತ್ತಿಯ ಬಲೆ. ನೆಲದಿಂದ ನೋಡುವವರು ದಿನಕ್ಕೊಮ್ಮೆ, ರಾತ್ರಿ ಮಾತ್ರ ಅಳೆಯುತ್ತಾರೆ. ಆಗ ನಿಜ ಆವೃತ್ತಿಗೆ ದಿನಕ್ಕೆ ಒಂದರಷ್ಟು ಕೂಡಿದ ಅಥವಾ ಕಳೆದ ಹುಸಿ ಆವೃತ್ತಿಗಳೂ ಮೂಡುತ್ತವೆ. ವೀಣಾ ಪುಂಜದ ಆರ್‌ಆರ್ ಲೈರೆ ನಕ್ಷತ್ರದ ಆವರ್ತಕಾಲ 0.567 ದಿನ, ಆವೃತ್ತಿ ದಿನಕ್ಕೆ 1.764. ಒಂದನ್ನು ಕಳೆದರೆ 0.764, ಅದಕ್ಕೆ ಆವರ್ತಕಾಲ 1.309 ದಿನ. ದಿನಕ್ಕೊಂದೇ ಅಳತೆ ಇದ್ದರೆ ಎರಡೂ ಉತ್ತರಗಳು ಸರಿಯೆನ್ನಿಸುತ್ತವೆ. ಎಡೆಬಿಡದೆ ನೋಡುವ ಬಾಹ್ಯಾಕಾಶ ದೂರದರ್ಶಕಗಳಿಗೆ ಈ ತೊಡಕು ಬಹಳ ಕಡಿಮೆ. ಅವುಗಳಿಗೆ ಬೇರೆ ಮಿತಿಯಿದೆ: ತಿಮಿಂಗಿಲ ಪುಂಜದ ಮೀರಾ ನಕ್ಷತ್ರ ಒಂದು ಸುತ್ತಿಗೆ 332 ದಿನ ತೆಗೆದುಕೊಳ್ಳುತ್ತದೆ. 27 ದಿನದ ರೇಖೆಯಲ್ಲಿ ಅದರ ಸಣ್ಣ ತುಣುಕು ಮಾತ್ರ ಕಾಣುತ್ತದೆ. ಅಲ್ಲಿ ಹವ್ಯಾಸಿಗಳ ಹತ್ತಾರು ವರ್ಷಗಳ ದಾಖಲೆಗಳೇ ಗತಿ.

ಯಂತ್ರಕ್ಕೇ ಬಿಟ್ಟರೆ ಆಗದೇ?

ಇಷ್ಟೆಲ್ಲ ಗಣಿತವನ್ನು ಯಂತ್ರ ಮಾಡುತ್ತಿರುವಾಗ ಕೊನೆಯ ನೋಟವನ್ನೂ ಅದಕ್ಕೇ ವಹಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ಬಹುಪಾಲು ವಹಿಸಲಾಗಿದೆ ಕೂಡ. 2004ರ ಶುಕ್ರ ಸಂಕ್ರಮಣವನ್ನು ನಮ್ಮಲ್ಲಿ ಅನೇಕರು ಶಾಲೆಯಂಗಳಗಳಲ್ಲಿ ನೋಡಿದ್ದೇವೆ. ಅಂದು ಶುಕ್ರನ ಬಿಂಬ ಸೂರ್ಯಬಿಂಬದ ಸುಮಾರು ಸಾವಿರದ ಒಂದು ಭಾಗವನ್ನು ಮರೆಮಾಡಿತ್ತು. ದೂರದ ನಕ್ಷತ್ರದ ಎದುರು ಗ್ರಹ ಹಾದುಹೋದಾಗ ಆಗುವುದೂ ಇದೇ. ಕುಸಿತದ ಆಳ ಎರಡರ ತ್ರಿಜ್ಯಗಳ ಅನುಪಾತದ ವರ್ಗಕ್ಕೆ ಸಮ. ಗುರುವಿನ ಗಾತ್ರದ ಗ್ರಹ ಸೂರ್ಯನಂಥ ನಕ್ಷತ್ರವನ್ನು ದಾಟಿದರೆ ಶೇಕಡ 1. ಭೂಮಿಯಾದರೆ ಹತ್ತು ಲಕ್ಷದಲ್ಲಿ 84 ಭಾಗ. ಸಮ ಅಂತರದಲ್ಲಿ ಮರುಕಳಿಸುವ, ಪೆಟ್ಟಿಗೆಯಾಕಾರದ ಇಂಥ ಕುಸಿತಗಳನ್ನು ಹುಡುಕುವ ಗಣನಕ್ರಮ 2002ರಲ್ಲಿ ಪ್ರಕಟವಾಯಿತು. ಗದ್ದಲದಲ್ಲಿ ಹೂತುಹೋದ, ಯಾವ ಕಣ್ಣಿಗೂ ಕಾಣದ ಕುಸಿತವನ್ನು ಅದು ಹಲವು ಸುತ್ತುಗಳನ್ನು ಕೂಡಿಸಿ ಎತ್ತಿ ತೋರಿಸುತ್ತದೆ. ಆ ಕೆಲಸದಲ್ಲಿ ಮನುಷ್ಯ ಅದಕ್ಕೆ ಸಾಟಿಯಲ್ಲ.

ಆದರೆ ಗಣನಕ್ರಮ ತನಗೆ ಹೇಳಿದ್ದನ್ನು ಹುಡುಕುತ್ತದೆ. ಯಾರೂ ಹೇಳದಿದ್ದುದು ಎದುರಾದರೆ ಅದು ಗುರುತಿಸದು. ರಾಜಹಂಸ ಪುಂಜದ ಕೆಐಸಿ 8462852 ನಕ್ಷತ್ರದ ಕಥೆ ಇದಕ್ಕೆ ತಕ್ಕ ಉದಾಹರಣೆ. 2009ರಿಂದ 2013ರವರೆಗೆ ಕೆಪ್ಲರ್ ದೂರದರ್ಶಕ ಒಂದೂವರೆ ಲಕ್ಷದಷ್ಟು ನಕ್ಷತ್ರಗಳೊಂದಿಗೆ ಇದನ್ನೂ ನೋಡುತ್ತಿತ್ತು. ಈ ನಕ್ಷತ್ರದ ಹೊಳಪು 2011ರ ಮಾರ್ಚ್‌ನಲ್ಲಿ ಒಮ್ಮೆ ಶೇಕಡ 15ರಷ್ಟು ಕುಸಿಯಿತು. 2013ರ ಫೆಬ್ರುವರಿಯಲ್ಲಿ ಶೇಕಡ 20ಕ್ಕೂ ಹೆಚ್ಚು. ಗುರುವಿನಂಥ ಗ್ರಹದಿಂದ ಆಗುವುದು ಶೇಕಡ 1 ಎಂಬುದನ್ನು ನೆನೆಯಿರಿ. ಕುಸಿತಗಳಿಗೆ ಸಮ ಅಂತರವಿರಲಿಲ್ಲ, ಒಂದೇ ಆಕಾರವೂ ಇರಲಿಲ್ಲ. ಆವರ್ತನೆಯನ್ನು ಅರಸುವ ಯಂತ್ರಕ್ಕೆ ಅದು ಗ್ರಹವಾಗಿ ಕಾಣಲಿಲ್ಲ. ಪ್ಲಾನೆಟ್ ಹಂಟರ್ಸ್ ಯೋಜನೆಯಲ್ಲಿ ಬಿಡುವಿನ ವೇಳೆಯಲ್ಲಿ ರೇಖೆಗಳನ್ನು ನೋಡುತ್ತಿದ್ದ ಸಾಮಾನ್ಯ ಸ್ವಯಂಸೇವಕರು ಇದು ವಿಚಿತ್ರ ಎಂದು ಗುರುತು ಹಾಕಿದರು. ತಬೆತಾ ಬೊಯಾಜಿಯನ್ ಮತ್ತು ಸಂಗಡಿಗರ ಪ್ರಬಂಧ 2015ರಲ್ಲಿ ಹೊರಬಂದಾಗ ಜಗತ್ತೇ ಅದರತ್ತ ತಿರುಗಿತು. 2017ರಲ್ಲಿ ಮತ್ತೆ ಕುಸಿತಗಳಾದಾಗ ಹಲವು ಬಣ್ಣಗಳಲ್ಲಿ ಅಳೆಯಲಾಯಿತು. ಕೆಂಪು ಬೆಳಕಿಗಿಂತ ನೀಲಿ ಬೆಳಕು ಹೆಚ್ಚು ಕುಸಿದಿತ್ತು. ಘನ ವಸ್ತು ಅಡ್ಡ ಬಂದಿದ್ದರೆ ಎಲ್ಲ ಬಣ್ಣಗಳೂ ಸಮನಾಗಿ ಕುಸಿಯಬೇಕಿತ್ತು. ಅಡ್ಡ ಬಂದದ್ದು ಸೂಕ್ಷ್ಮ ಧೂಳು ಎಂಬ ತೀರ್ಮಾನಕ್ಕೆ ಇದು ಆಧಾರವಾಯಿತು.

ಇಂಥ ಸ್ವಯಂಸೇವಕರಲ್ಲಿ ಕೆಲವರು ಮತ್ತು ವೃತ್ತಿಪರ ಖಗೋಳಜ್ಞರು ಸೇರಿ ಕಟ್ಟಿಕೊಂಡಿರುವ ವಿಷುಯಲ್ ಸರ್ವೆ ಗ್ರೂಪ್ ಎಂಬ ತಂಡವಿದೆ. ಕೆಪ್ಲರ್ ಮತ್ತು ಟೆಸ್ ದತ್ತಾಂಶಗಳಿಂದ ಸುಮಾರು ಒಂದು ಕೋಟಿ ಕಾಂತಿರೇಖೆಗಳನ್ನು ಕಣ್ಣಾರೆ ನೋಡಿರುವುದಾಗಿಯೂ 69 ಸಂಶೋಧನ ಪ್ರಬಂಧಗಳಲ್ಲಿ ಪಾಲ್ಗೊಂಡಿರುವುದಾಗಿಯೂ ಅದು 2022ರಲ್ಲಿ ದಾಖಲಿಸಿತು. ಮುಖ್ಯ ಉಪಕರಣ, ಮೇಲೆ ಹೇಳಿದ ಎಲ್‌ಸಿ ಟೂಲ್ಸ್.

ಕಣ್ಣಿನ ತಪ್ಪುಗಳು

ಕಣ್ಣು ಮೋಸಹೋಗುವುದಿಲ್ಲ ಎಂದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಎಂಎಸ್ಸಿ ವಿದ್ಯಾರ್ಥಿಗಳಿಗೆ ಟೆಸ್‌ನ ಕೆಲವು ನೂರು ರೇಖೆಗಳನ್ನು ಹಂಚಿದ್ದೆ. ಎರಡನೆಯ ದಿನವೇ ವಿದ್ಯಾರ್ಥಿನಿಯೊಬ್ಬಳು ಓಡಿಬಂದಳು. ಅವಳ ನಕ್ಷತ್ರದಲ್ಲಿ ಎರಡೂವರೆ ದಿನಕ್ಕೊಮ್ಮೆ ಚೂಪಾದ ಕುಸಿತ, ಎಲ್ಲವೂ ಸಮ ಅಂತರದಲ್ಲಿ. ಗ್ರಹವೇ ಇರಬೇಕು ಎಂದು ಅವಳಿಗೆ ಖಚಿತವಾಗಿತ್ತು. ನನಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತು. ಪಕ್ಕದ ಮೇಜಿನ ಹುಡುಗ ತನ್ನ ಪರದೆ ತಿರುಗಿಸಿ ತೋರಿಸಿದ: ಅವನ ನಕ್ಷತ್ರದಲ್ಲೂ ಅವೇ ದಿನಾಂಕಗಳಲ್ಲಿ ಕುಸಿತ. ಇನ್ನೂ ಹತ್ತು ನಕ್ಷತ್ರಗಳನ್ನು ತೆರೆದೆವು. ಅನೇಕವುಗಳಲ್ಲಿ ಅದೇ. ನೂರಾರು ಜ್ಯೋತಿರ್ವರ್ಷ ದೂರದೂರದಲ್ಲಿರುವ ನಕ್ಷತ್ರಗಳು ಮಾತಾಡಿಕೊಂಡು ಒಟ್ಟಿಗೆ ಮಂಕಾಗುವುದಿಲ್ಲ. ದೂರದರ್ಶಕವನ್ನು ಒಂದೇ ದಿಕ್ಕಿಗೆ ಹಿಡಿದಿಡುವ ಚಕ್ರಗಳ ವೇಗ ಮಿತಿಮೀರಿದಾಗ ಸಣ್ಣ ಥ್ರಸ್ಟರ್‌ಗಳನ್ನು ಉರಿಸಿ ಅದನ್ನು ತಗ್ಗಿಸುತ್ತಾರೆ. ಆಗ ಉಪಗ್ರಹ ತುಸು ಅಲುಗುತ್ತದೆ. ಆರಂಭದ ಸೆಕ್ಟರ್‌ಗಳಲ್ಲಿ ಇದು ಎರಡೂವರೆ ದಿನಕ್ಕೊಮ್ಮೆ ನಡೆಯುತ್ತಿತ್ತು. ಅವಳು ಕಂಡದ್ದು ಆ ಅಲುಗಾಟವನ್ನು. ಅವಳ ಮುಖ ಬಾಡಿತು. ಆದರೆ ಅಲ್ಲಿಂದ ಮುಂದೆ ಆ ತಂಡದಲ್ಲಿ ಯಾರಿಗೆ ಏನು ಕಂಡರೂ ಮೊದಲ ಪ್ರಶ್ನೆ ಒಂದೇ ಆಗಿತ್ತು: ಪಕ್ಕದ ನಕ್ಷತ್ರದಲ್ಲಿ ಏನಿದೆ?

ಇನ್ನೊಂದು ಮೋಸ ಬೆರಕೆಯದು. ಟೆಸ್‌ನ ಒಂದು ಪಿಕ್ಸೆಲ್ ಆಕಾಶದ 21 ಆರ್ಕ್‌ಸೆಕೆಂಡ್ ಅಗಲವನ್ನು ಒಳಗೊಳ್ಳುತ್ತದೆ. ಅಷ್ಟರಲ್ಲಿ ಹಲವು ನಕ್ಷತ್ರಗಳಿರಬಹುದು. ಒಟ್ಟು ಬೆಳಕಿನಲ್ಲಿ ಶೇಕಡ 2ರಷ್ಟು ಪಾಲಿರುವ ಮಂಕು ಯಮಳವೊಂದು ಗ್ರಹಣದಲ್ಲಿ ಅರ್ಧ ಮಂಕಾದರೆ ಒಟ್ಟಿನಲ್ಲಿ ಶೇಕಡ 1ರ ಕುಸಿತ. ಪಕ್ಕದ ಹೊಳೆಯುವ ನಕ್ಷತ್ರಕ್ಕೆ ಗುರುವಿನಂಥ ಗ್ರಹವಿದೆ ಎಂಬಂತೆ ಅದು ತೋರುತ್ತದೆ. ಕ್ಷುದ್ರಗ್ರಹವೊಂದು ಆ ಪಿಕ್ಸೆಲ್‌ಗಳ ಮೇಲೆ ಹಾದುಹೋದರೆ ಗುಬ್ಬಿಯಂಥ ಏರಿಕೆ. ಭೂಮಿ, ಚಂದ್ರರ ಚೆದರಿದ ಬೆಳಕು ಒಳಬಂದರೆ ಇನ್ನೊಂದು ಬಗೆಯ ಬಾಗು. ಇವೆಲ್ಲ ಅನುಭವದಿಂದ ಮಾತ್ರ ಕಣ್ಣಿಗೆ ಪರಿಚಯವಾಗುತ್ತವೆ.

ದಣಿವೂ ಒಂದು ಶತ್ರು. ಸಾವಿರ ಸಪ್ಪೆ ರೇಖೆಗಳ ನಂತರ ಬಂದ ಸ್ವಾರಸ್ಯದ ರೇಖೆಯನ್ನು ಬೆರಳು ದಾಟಿಸಿಬಿಡಬಹುದು. ಪ್ಲಾನೆಟ್ ಹಂಟರ್ಸ್ ಯೋಜನೆ ಇದಕ್ಕೆ ಎರಡು ಮದ್ದು ಬಳಸಿತು. ಒಂದೇ ರೇಖೆಯನ್ನು ಹಲವರಿಗೆ ತೋರಿಸುವುದು ಒಂದು. ನಿಜ ರೇಖೆಗಳ ನಡುವೆ ತಾವೇ ತಯಾರಿಸಿದ ಕೃತಕ ಕುಸಿತಗಳನ್ನು ಸೇರಿಸಿ, ಎಷ್ಟು ಸಿಕ್ಕವು ಎಷ್ಟು ತಪ್ಪಿದವು ಎಂದು ಎಣಿಸುವುದು ಇನ್ನೊಂದು. ಕಣ್ಣನ್ನೂ ಒಂದು ಉಪಕರಣವೆಂದು ಭಾವಿಸಿ ಅದರ ದೋಷವನ್ನು ಅಳೆಯುವ ಕ್ರಮ ಇದು.

ಕಂಡದ್ದೆಲ್ಲ ಬಗೆಹರಿಯುವುದೂ ಇಲ್ಲ. ಕೆಪ್ಲರ್ 2017ರಲ್ಲಿ 87 ದಿನ ನೋಡಿದ ಎಚ್‌ಡಿ 139139 ಎಂಬ ನಕ್ಷತ್ರದಲ್ಲಿ ಗ್ರಹ ಸಂಕ್ರಮಣದಂಥ 28 ಕುಸಿತಗಳನ್ನು ಕಣ್ಣಿನಿಂದ ನೋಡುವವರು ಪತ್ತೆಮಾಡಿದರು. ಹೆಚ್ಚಿನವು ಹತ್ತು ಲಕ್ಷದಲ್ಲಿ ಸುಮಾರು 200 ಭಾಗದಷ್ಟು ಆಳದವು, ಆದರೆ ಅವುಗಳ ನಡುವಿನ ಅಂತರದಲ್ಲಿ ಯಾವ ಲಯವೂ ಇರಲಿಲ್ಲ. 2019ರಲ್ಲಿ ಪ್ರಕಟವಾದ ಪ್ರಬಂಧ ಹಲವು ಸಾಧ್ಯತೆಗಳನ್ನು ಪರಿಶೀಲಿಸಿ ಯಾವುದನ್ನೂ ಒಪ್ಪಲಾಗದೆ ಕೊನೆಗೊಂಡಿತು. ಮುಂದೆ ಯೂರೋಪಿನ ಕಿಯಾಪ್ಸ್ ದೂರದರ್ಶಕ ಅದೇ ನಕ್ಷತ್ರವನ್ನು ನೋಡಿದಾಗ ಅಂಥ ಕುಸಿತಗಳು ಕಾಣಲಿಲ್ಲ. ಆ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಂದು ಕಂಡದ್ದು ನಕ್ಷತ್ರದ್ದೋ ಉಪಕರಣದ್ದೋ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಕಣ್ಣು ಪ್ರಶ್ನೆಯನ್ನು ಎತ್ತಬಲ್ಲದು; ಉತ್ತರಕ್ಕೆ ಮರುವೀಕ್ಷಣೆಯೇ ಬೇಕು.

ತಿರಸ್ಕೃತರ ರಾಶಿಯಿಂದ ಒಂದು ಹಿಡಿ

ಮುಂದಿನ ದಿನಗಳಲ್ಲಿ ರಾಶಿ ಇನ್ನೂ ದೊಡ್ಡದು. ಗಾಯಾ ಉಪಗ್ರಹದ 2022ರ ದತ್ತಾಂಶದಲ್ಲಿ ಒಂದು ಕೋಟಿಗೂ ಹೆಚ್ಚು ಚರಕಾಂತಿ ಆಕರಗಳಿವೆ. ಐದು ಸೆಕೆಂಡಿನ ಲೆಕ್ಕದಲ್ಲೂ ಅವನ್ನು ಒಬ್ಬರು ನೋಡಿ ಮುಗಿಸಲು, ದಿನಕ್ಕೆ ಆರು ಗಂಟೆಯಂತೆ, ಆರು ವರ್ಷಕ್ಕೂ ಹೆಚ್ಚು ಬೇಕು. ಚಿಲಿ ದೇಶದ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿದೆ. ಹತ್ತು ವರ್ಷಗಳ ಕಾಲ ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ಸೆರೆಹಿಡಿಯುವುದು ಅದರ ಉದ್ದೇಶ. ಎಲ್ಲವನ್ನೂ ಕಣ್ಣಾರೆ ನೋಡುವ ಮಾತು ಇಲ್ಲಿಗೆ ಮುಗಿಯಿತು. ಮೊದಲ ಜರಡಿ ಯಂತ್ರದ್ದೇ ಆಗಬೇಕು, ಆಗಿದೆ ಕೂಡ. 2021ರಲ್ಲಿ ಪ್ರಕಟವಾದ ಟಿಐಸಿ 168789840 ಎಂಬ ಆರು ನಕ್ಷತ್ರಗಳ ಕೂಟವನ್ನು ಟೆಸ್ ದತ್ತಾಂಶದಿಂದ ಆರಿಸಿಕೊಟ್ಟದ್ದು ಗ್ರಹಣಗಳನ್ನು ಗುರುತಿಸಲು ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕ್. 1.3, 1.6 ಮತ್ತು 8.2 ದಿನಗಳ ಮೂರು ಗ್ರಹಣ ಯಮಳಗಳು ಒಂದೇ ರೇಖೆಯಲ್ಲಿ ಹೆಣೆದುಕೊಂಡಿದ್ದವು.

ಹಾಗಾದರೆ ಕಣ್ಣಿನ ಕೆಲಸವೇನು? ಯಂತ್ರ ಆರಿಸಿದ್ದನ್ನು ಪರೀಕ್ಷಿಸುವುದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಕೆಲಸ. ಯಂತ್ರ ತಿರಸ್ಕರಿಸಿದ ರಾಶಿಯಿಂದಲೂ ಆಗಾಗ ಒಂದು ಹಿಡಿ ತೆಗೆದು ನೋಡುವುದು ಉಳಿದ ಅರ್ಧ. ಅಕ್ಕಿ ಆರಿಸುವವರು ಕಲ್ಲನ್ನು ಎಸೆಯುವ ಮುನ್ನ ಅದರಲ್ಲಿ ಕಾಳು ಹೋಗಿದೆಯೇ ಎಂದು ಮೊರ ಅಲ್ಲಾಡಿಸಿ ನೋಡುವುದಿಲ್ಲವೇ? ಆ ನೋಟ ನಿಂತುಹೋದರೆ ನಮ್ಮ ಪಟ್ಟಿಗಳಲ್ಲಿ ನಾವು ಮೊದಲೇ ಬಲ್ಲ ಬಗೆಯ ನಕ್ಷತ್ರಗಳು ಮಾತ್ರ ಉಳಿಯುತ್ತವೆ. ವೇಗದ ತಂತ್ರಾಂಶಗಳ ನಿಜವಾದ ಬೆಲೆ ಇರುವುದು ಆ ಹಿಡಿಯನ್ನು ನೋಡಲು ನಮಗೆ ಪುರುಸೊತ್ತು ದೊರಕಿಸಿಕೊಡುವುದರಲ್ಲಿ.

ಶಿಕ್ಷಕ ಮಿತ್ರರು ಇದನ್ನು ತರಗತಿಗೆ ತರಬಹುದು. ಟೆಸ್ ಮತ್ತು ಕೆಪ್ಲರ್ ದತ್ತಾಂಶಗಳು ಎಲ್ಲರಿಗೂ ಮುಕ್ತವಾಗಿವೆ. ಇಪ್ಪತ್ತು ಕಾಂತಿರೇಖೆಗಳನ್ನು ಮುದ್ರಿಸಿ, ಹೆಸರು ಬರೆಯದೆ ಮಕ್ಕಳ ಮುಂದಿಡಿ. ಆಕಾರ ನೋಡಿ ಗುಂಪು ಮಾಡಲು ಹೇಳಿ. ಬೇಗ ಏರಿ ನಿಧಾನ ಇಳಿಯುವ ಆರ್‌ಆರ್ ಲೈರೆಗಳು, ಮಟ್ಟಸ ರೇಖೆಯಲ್ಲಿ ಗುಂಡಿ ತೋಡಿದಂಥ ಗ್ರಹಣ ಯಮಳಗಳು, ಅಲೆಯಲೆಯಾಗಿ ಬದಲಾಗುವ ಕಲೆಗಳ ನಕ್ಷತ್ರಗಳು, ಮುಳ್ಳಿನಂತೆ ಚಿಮ್ಮಿ ಇಳಿಯುವ ಜ್ವಾಲೆಗಳು ತಾವಾಗಿಯೇ ಬೇರೆ ಬೇರೆ ಗುಂಪು ಸೇರುತ್ತವೆ. ಯಾವ ಗುಂಪಿಗೂ ಸೇರದ ಒಂದೆರಡು ಹಾಳೆಗಳು ಕೊನೆಯಲ್ಲಿ ಮೇಜಿನ ಮೇಲೆ ಉಳಿಯುತ್ತವೆ. ಅವನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ. ಪಾಠವನ್ನು ಅಲ್ಲಿಂದಲೇ ಶುರುಮಾಡಿ.